ಫೋಟೋಶಾಪಿನ ಬ್ರಷ್‌ಗೆ ನಮ್ಮದೇ ಶಾರ್ಟ್‌ಕಟ್: ಕನ್ನಡ ಕೀಲಿವಿನ್ಯಾಸ ಅಡ್ಡ ಬಂದಾಗ ಏನು ಮಾಡಬೇಕು?

ಪ್ರಶ್ನೆ (ಆಲ್ಬಮ್ ವಿನ್ಯಾಸಕ, ದಾವಣಗೆರೆ)

ಬಲ್ಲವರಿಗೆ ನಮಸ್ಕಾರ. ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್‌ಗಳ ರೀಟಚಿಂಗ್ ಮತ್ತು ಪುಟವಿನ್ಯಾಸ ನನ್ನ ಕೆಲಸ. ವಿಂಡೋಸ್ ಗಣಕ, ಫೋಟೋಶಾಪ್, ಬಲಗೈಯಲ್ಲಿ ಟ್ಯಾಬ್ಲೆಟ್ಟಿನ ಪೆನ್ನು, ಎಡಗೈ ಕೀಲಿಮಣೆಯ ಮೇಲೆ. ಹಾಳೆಗಳನ್ನು 12×36 ಇಂಚಿನಲ್ಲಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮಾಡುವುದರಿಂದ ಒಂದೊಂದೂ 10,800×3,600 ಪಿಕ್ಸೆಲ್ ಆಗುತ್ತದೆ. ಇಷ್ಟು ದೊಡ್ಡ ಹಾಳೆಯಲ್ಲಿ ವಧುವಿನ ಕಣ್ಣಿನ ಕೆಳಗಿನ ಕಪ್ಪನ್ನು ತಿಳಿಗೊಳಿಸಲು 40 ಪಿಕ್ಸೆಲ್ ಬ್ರಷ್ ಬೇಕಾದರೆ, ಕೆನ್ನೆಗೆ 150, ಮಂಟಪದ ಹಿಂದಿನ ಪರದೆಯ ಸುಕ್ಕಿಗೆ 600 ಬೇಕಾಗುತ್ತದೆ. ಬ್ರಷ್ಷನ್ನು ಕಿರಿದು ಹಿರಿದು ಮಾಡುವ [ ಮತ್ತು ] ಕೀಲಿಗಳನ್ನು ಒತ್ತುತ್ತಾ ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಹೊತ್ತು ಹೋಗುತ್ತದೆ. ಹೋದರೂ ಪ್ರತಿ ಸಲ ಅದೇ ಗಾತ್ರಕ್ಕೆ ಬಂದು ನಿಲ್ಲುತ್ತೇವೆ ಎಂಬ ಖಾತರಿಯಿಲ್ಲ.

ಆದ್ದರಿಂದ ನನಗೆ ಬೇಕಾಗಿರುವುದು ಮೊದಲನೆಯದಾಗಿ, ಒಂದು ಕೀಲಿ ಒತ್ತಿದರೆ ನಿಗದಿತ ಗಾತ್ರ, ಹಾರ್ಡ್‌ನೆಸ್ (ಅಂಚಿನ ಗಡಸು), ಒಪಾಸಿಟಿ (ಬಣ್ಣದ ದಟ್ಟಣೆ) ಮತ್ತು ಫ್ಲೋ (ಬಣ್ಣ ಹರಿಯುವ ಪ್ರಮಾಣ) ಎಲ್ಲವೂ ಒಟ್ಟಿಗೆ ಬಂದು ಕೂರುವ ವ್ಯವಸ್ಥೆ. ಇದಕ್ಕೆ ಸ್ಕ್ರಿಪ್ಟ್ (ಚಿಕ್ಕ ಆದೇಶಗಳ ಕಡತ) ಬರೆಯಬೇಕೋ, ಫೋಟೋಶಾಪಿನಲ್ಲಿಯೇ ದಾರಿಯಿದೆಯೋ ತಿಳಿಸಿ.

ಎರಡನೆಯದು ಇದಕ್ಕಿಂತ ಕಿರಿಕಿರಿಯ ವಿಷಯ. ಹಾಳೆಯ ಮೇಲೆ ವಧೂವರರ ಹೆಸರು ಮತ್ತು ದಿನಾಂಕವನ್ನು ಕನ್ನಡದಲ್ಲಿ ಹಾಕಬೇಕಾಗುತ್ತದೆ. ನಾನು ವಿಂಡೋಸಿನಲ್ಲಿರುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಟೈಪಿಸುತ್ತೇನೆ. ಆ ವಿನ್ಯಾಸದಲ್ಲಿ [ ಇರುವ ಜಾಗದಲ್ಲಿ ‘ಡ’ ಕುಳಿತಿದೆ. ಹೆಸರು ಬರೆದು ಮುಗಿಸಿ, ಭಾಷೆ ಬದಲಿಸದೆ ಬ್ರಷ್‌ಗೆ ಮರಳಿದರೆ ಗಾತ್ರ ಕದಲುವುದೇ ಇಲ್ಲ. ಈ ತೊಂದರೆಯನ್ನು ಸ್ಕ್ರಿಪ್ಟಿನಿಂದ ನಿವಾರಿಸಬಹುದೇ? ಕೀಲಿಗಳಿಗೆ ಬೇರೆ ಕೆಲಸ ಕೊಡುವ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶದ ಹೆಸರು ಕೇಳಿದ್ದೇನೆ, ಬಳಸಿಲ್ಲ.

ಉತ್ತರ 1 (ಹಳೆಯ ಫೋಟೋಗಳ ದುರಸ್ತಿ ಮಾಡುವವರು, ದಾವಣಗೆರೆ)

ಸರ್, ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಎರಡನೆಯದಕ್ಕೆ ಕೀಲಿಮಣೆಯ ಒಳಹೊರಗು ಬಲ್ಲವರು ಬರಲಿ.

ಸ್ಕ್ರಿಪ್ಟಿಗೆ ಕೈಹಾಕುವ ಮುನ್ನ ಫೋಟೋಶಾಪಿನಲ್ಲಿ ಆಗಲೇ ಇರುವುದನ್ನು ಪೂರ್ತಿ ಬಳಸುತ್ತಿದ್ದೀರಾ ನೋಡಿಕೊಳ್ಳಿ. ವಿಂಡೋಸಿನಲ್ಲಿ ಆಲ್ಟ್ ಕೀಲಿಯನ್ನು ಹಿಡಿದು, ರೈಟ್ ಕ್ಲಿಕ್ ಒತ್ತಿಕೊಂಡು ಎಡಕ್ಕೆ ಬಲಕ್ಕೆ ಎಳೆದರೆ ಗಾತ್ರವೂ, ಮೇಲೆ ಕೆಳಗೆ ಎಳೆದರೆ ಹಾರ್ಡ್‌ನೆಸ್ಸೂ ಬದಲಾಗುತ್ತವೆ. ಪೆನ್ನಿನ ಪಕ್ಕದ ಗುಂಡಿಗೆ ರೈಟ್ ಕ್ಲಿಕ್ ಕೊಟ್ಟಿದ್ದರೆ ಎಡಗೈ ಆಲ್ಟ್ ಮೇಲಿದ್ದರೆ ಸಾಕು. ಮೇಲೆ ಕೆಳಗೆ ಎಳೆದಾಗ ಹಾರ್ಡ್‌ನೆಸ್ ಬದಲು ಒಪಾಸಿಟಿ ಬದಲಾಗುತ್ತಿದ್ದರೆ, ಪ್ರಿಫರೆನ್ಸಸ್‌ನ ಟೂಲ್ಸ್ ವಿಭಾಗದಲ್ಲಿ ಅದಕ್ಕೆ ಸಂಬಂಧಿಸಿದ ಒಂದು ಗುರುತು ತೆಗೆದುಹೋಗಿದೆ ಎಂದರ್ಥ. ಒಪಾಸಿಟಿಗೆ ಅಂಕಿ ಕೀಲಿಗಳಿವೆ: 3 ಒತ್ತಿದರೆ ಶೇಕಡ 30, ಬೇಗಬೇಗನೆ 4 ಮತ್ತು 5 ಒತ್ತಿದರೆ ಶೇಕಡ 45, 0 ಒತ್ತಿದರೆ ಪೂರ್ತಿ 100. ಶಿಫ್ಟ್ ಸೇರಿಸಿದರೆ ಅದೇ ಅಂಕಿಗಳು ಫ್ಲೋವನ್ನು ಬದಲಿಸುತ್ತವೆ. ಆದರೆ ಏರ್‌ಬ್ರಷ್ ಗುಂಡಿ ಒತ್ತಿದ ಸ್ಥಿತಿಯಲ್ಲಿದ್ದರೆ ಈ ಎರಡೂ ಅದಲುಬದಲಾಗುತ್ತವೆ. ‘ಅಂಕಿ ಒತ್ತಿದರೆ ಒಪಾಸಿಟಿ ಬದಲಾಗುತ್ತಿಲ್ಲ’ ಎನ್ನುವವರ ದೂರಿಗೆ ಬಹುಪಾಲು ಇದೇ ಕಾರಣ. ಮೂವ್ ಟೂಲ್ ಕೈಯಲ್ಲಿದ್ದಾಗ ಅಂಕಿ ಒತ್ತಿದರೆ ಲೇಯರಿನ (ಚಿತ್ರದ ಒಂದು ಪದರದ) ಒಪಾಸಿಟಿಯೇ ಇಳಿದುಹೋಗುತ್ತದೆ ಎಂಬುದನ್ನೂ ಮರೆಯಬಾರದು.

ನೀವು ಕೇಳಿದ ‘ಎಲ್ಲವೂ ಒಟ್ಟಿಗೆ’ ಎಂಬುದಕ್ಕೆ ಟೂಲ್ ಪ್ರೀಸೆಟ್ (ಹೆಸರು ಕೊಟ್ಟು ಉಳಿಸಿಟ್ಟ ಹೊಂದಿಕೆ) ಸರಿಯಾದ ದಾರಿ. ಬ್ರಷ್ಷನ್ನು ನಿಮಗೆ ಬೇಕಾದಂತೆ ಹೊಂದಿಸಿ, ವಿಂಡೋ ಮೆನುವಿನಿಂದ ಟೂಲ್ ಪ್ರೀಸೆಟ್ಸ್ ಫಲಕವನ್ನು ತೆರೆದು ಉಳಿಸಿದರೆ ಗಾತ್ರ, ಹಾರ್ಡ್‌ನೆಸ್, ಒಪಾಸಿಟಿ, ಫ್ಲೋ, ಬ್ಲೆಂಡಿಂಗ್ ಮೋಡ್ ಎಲ್ಲವೂ ಅದರೊಳಗೆ ಸೇರುತ್ತವೆ. ಬಣ್ಣವನ್ನು ಸೇರಿಸಬೇಕೋ ಬೇಡವೋ ಎಂದು ಅದು ಕೇಳುತ್ತದೆ. ಚರ್ಮದ ಕೆಲಸಕ್ಕೆ ಸೇರಿಸಬೇಡಿ. ಆಮೇಲೆ ಆಕ್ಷನ್ಸ್ ಫಲಕದಲ್ಲಿ ಹೊಸ ಆಕ್ಷನ್ (ಮಾಡಿದ್ದನ್ನು ದಾಖಲಿಸಿ ಮತ್ತೆ ನಡೆಸುವ ವ್ಯವಸ್ಥೆ) ಆರಂಭಿಸಿ, ರೆಕಾರ್ಡ್ ಆಗುತ್ತಿರುವಾಗ ಆ ಪ್ರೀಸೆಟ್ಟಿನ ಮೇಲೆ ಒಮ್ಮೆ ಒತ್ತಿ, ನಿಲ್ಲಿಸಿ, ಅದಕ್ಕೊಂದು ಎಫ್ ಕೀಲಿಯನ್ನು (F2, F3 ಮುಂತಾದವು) ಕೊಡಿ. ಶಿಫ್ಟ್ ಅಥವಾ ಕಂಟ್ರೋಲ್ ಜೊತೆಗೂ ಎಫ್ ಕೀಲಿಗಳನ್ನು ಕೊಡಬಹುದಾದ್ದರಿಂದ ಜಾಗದ ಕೊರತೆ ಬರುವುದಿಲ್ಲ. ಎಫ್ ಕೀಲಿಗಳಿಗೆ ಅಕ್ಷರವೇ ಇಲ್ಲ, ಹಾಗಾಗಿ ಕನ್ನಡ ವಿನ್ಯಾಸ ಚಾಲೂ ಇದ್ದರೂ ಇವು ಕೆಡುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ನಿಮಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಒಂದೇ ಎಚ್ಚರಿಕೆ: ಆಕ್ಷನ್ ಪ್ರೀಸೆಟ್ಟನ್ನು ಗುರುತಿಸುವುದು ಹೆಸರಿನಿಂದ. ಹೆಸರು ಬದಲಿಸಿದಿರೋ, ಆಕ್ಷನ್ ನಿಂತುಹೋಗುತ್ತದೆ.

ಸ್ಕ್ರಿಪ್ಟ್ ಬೇಕಾಗುವುದು ಗಾತ್ರ ಮಾತ್ರ ಬದಲಾಗಿ ಉಳಿದದ್ದು ಇದ್ದಂತೆಯೇ ಇರಬೇಕು ಎನ್ನುವಾಗ. ಫೋಟೋಶಾಪಿನ ಜಾವಾಸ್ಕ್ರಿಪ್ಟ್ ವ್ಯವಸ್ಥೆಯಲ್ಲಿ ಲೇಯರ್, ಡಾಕ್ಯುಮೆಂಟ್ ಮುಂತಾದವುಗಳಿಗೆ ಇರುವಂತೆ ಬ್ರಷ್ ಗಾತ್ರಕ್ಕೆ ನೇರವಾದ ಹೆಸರಿಲ್ಲ. ಆಕ್ಷನ್ ಮ್ಯಾನೇಜರ್ ಎಂಬ ಕೆಳಹಂತದ ದಾರಿಯಲ್ಲಿ ಹೋಗಿ, ಈಗ ಆಯ್ಕೆಯಾಗಿರುವ ಬ್ರಷ್ಷಿನ ‘ಮಾಸ್ಟರ್ ಡಯಾಮೀಟರ್’ ಎಂಬ ಮೌಲ್ಯವನ್ನು ಪಿಕ್ಸೆಲ್ ಮಾನದಲ್ಲಿ ಬದಲಿಸಬೇಕಾಗುತ್ತದೆ. ಹತ್ತು ಸಾಲಿನ ಒಳಗೆ ಮುಗಿಯುವ ಕೆಲಸ. 40, 150, 600 ಎಂದು ಮೂರು ಕಡತ ಮಾಡಿ, ಫೋಟೋಶಾಪ್ ಸ್ಥಾಪಿತವಾಗಿರುವ ಜಾಗದಲ್ಲಿ ಪ್ರೀಸೆಟ್ಸ್ ಫೋಲ್ಡರಿನೊಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿಗೆ ಹಾಕಿ, ತಂತ್ರಾಂಶವನ್ನು ಮುಚ್ಚಿ ತೆರೆದರೆ ಅವು ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಪಟ್ಟಿಯಲ್ಲಿ ಕಾಣಿಸುತ್ತವೆ. ಮೆನುವಿನಲ್ಲಿ ಬಂದದ್ದಕ್ಕೆಲ್ಲ ಎಡಿಟ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್ಸ್ ಕಿಟಕಿಯಲ್ಲಿ ಕೀಲಿ ಕೊಡಬಹುದು. ಆ ಕಿಟಕಿಗೆ ಆಲ್ಟ್, ಶಿಫ್ಟ್, ಕಂಟ್ರೋಲ್ ಮೂರನ್ನೂ ಹಿಡಿದು ಕೆ ಒತ್ತಿ. ಮೆನು ಆದೇಶಗಳಿಗೆ ಬರಿಯ ಅಕ್ಷರವನ್ನು ಅದು ಒಪ್ಪುವುದಿಲ್ಲ, ಕಂಟ್ರೋಲ್ ಇರಬೇಕು ಅಥವಾ ಎಫ್ ಕೀಲಿಯಾಗಿರಬೇಕು.

ಪೆನ್ನಿನ ಒತ್ತಡಕ್ಕೆ ಗಾತ್ರವನ್ನು ಜೋಡಿಸಿದ್ದರೆ ಸ್ಕ್ರಿಪ್ಟಿನಲ್ಲಿ ಕೊಟ್ಟ ಅಂಕಿ ಗರಿಷ್ಠ ಗಾತ್ರವಾಗುತ್ತದೆಯೇ ಹೊರತು ನಿಜವಾದ ಗೆರೆಯ ದಪ್ಪವಾಗುವುದಿಲ್ಲ. ಚರ್ಮದ ಕೆಲಸದಲ್ಲಿ ಒತ್ತಡವನ್ನು ಒಪಾಸಿಟಿಗೆ ಬಿಟ್ಟು, ಗಾತ್ರವನ್ನು ಕೀಲಿಯಲ್ಲಿಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅನುಭವ.

ಫೋಟೋಶಾಪಿನ ಹೊಸ ಮುಖ್ಯ ಆವೃತ್ತಿ ಬಂದಾಗ ಅದು ಬೇರೆ ಫೋಲ್ಡರಿನಲ್ಲಿ ಕೂರುವುದರಿಂದ ಸ್ಕ್ರಿಪ್ಟುಗಳು ತಾವಾಗಿ ಬರುವುದಿಲ್ಲ. ಶಾರ್ಟ್‌ಕಟ್ ಕಡತ, ಆಕ್ಷನ್ ಕಡತ, ಟೂಲ್ ಪ್ರೀಸೆಟ್ ಕಡತ ಇವುಗಳನ್ನು ಸ್ಕ್ರಿಪ್ಟಿನ ಜೊತೆಗೆ ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಉತ್ತರ 2 (ಗಣಕ ತರಬೇತುದಾರ, ಚಿತ್ರದುರ್ಗ)

ಮೇಲಿನವರು ಹೇಳಿದ್ದರಲ್ಲಿ ಎಫ್ ಕೀಲಿಗಳ ಮಾತು ಮುಖ್ಯವಾದದ್ದು. ಎರಡನೆಯ ಪ್ರಶ್ನೆಗೆ ಉತ್ತರವೂ ಅಲ್ಲಿಂದಲೇ ಆರಂಭವಾಗುತ್ತದೆ.

ನೀವು ಒಂದು ಕೀಲಿಯನ್ನು ಒತ್ತಿದಾಗ ಕೀಲಿಮಣೆ ವಿಂಡೋಸಿಗೆ ಕಳುಹಿಸುವುದು ಅಕ್ಷರವನ್ನಲ್ಲ, ಆ ಕೀಲಿ ಇರುವ ಸ್ಥಾನದ ಸಂಖ್ಯೆಯನ್ನು. ಇದನ್ನು ಸ್ಕ್ಯಾನ್ ಕೋಡ್ ಎನ್ನುತ್ತಾರೆ. ಪಿ ಕೀಲಿಯ ಬಲಗಡೆ ಇರುವ [ ಸ್ಥಾನಕ್ಕೆ 26, ಅದರ ಪಕ್ಕದ ] ಸ್ಥಾನಕ್ಕೆ 27 ಎಂಬ ಸಂಖ್ಯೆಗಳಿವೆ. ಆ ಸಂಖ್ಯೆಯನ್ನು ಅಕ್ಷರವನ್ನಾಗಿ ಮಾಡುವುದು ಆ ಹೊತ್ತಿಗೆ ಚಾಲೂ ಇರುವ ಕೀಲಿವಿನ್ಯಾಸ. ಇಂಗ್ಲಿಷ್ ಇದ್ದರೆ 26 ಎಂಬುದು [ ಆಗುತ್ತದೆ, ಇನ್‌ಸ್ಕ್ರಿಪ್ಟ್ ಇದ್ದರೆ ‘ಡ’ ಆಗುತ್ತದೆ. ಬ್ರಷ್ ಗಾತ್ರದ ವಿಷಯದಲ್ಲಿ ಫೋಟೋಶಾಪ್ ಕಾಯುತ್ತಿರುವುದು ಅಕ್ಷರಕ್ಕಾಗಿ. ‘ಡ’ ಬಂದರೆ ಅದಕ್ಕೆ ಅರ್ಥವಾಗುವುದಿಲ್ಲ.

ಆಟೋಹಾಟ್‌ಕೀ ಈ ಸ್ಥಾನಸಂಖ್ಯೆಯ ಹಂತದಲ್ಲಿಯೇ ಕೀಲಿಯನ್ನು ಹಿಡಿಯಬಲ್ಲದು. ಆದ್ದರಿಂದ ‘ಸ್ಥಾನ 26 ಒತ್ತಿದಾಗ ಫೋಟೋಶಾಪಿಗೆ [ ಕಳುಹಿಸು’ ಎಂದು ಎರಡು ಸಾಲು ಬರೆದುಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಿಮಗೆ ಅದನ್ನು ನಾನು ಹೇಳುವುದಿಲ್ಲ. ಬ್ರಷ್ ಓಡಾಡುವುದೂ ಹೆಸರು ಟೈಪಿಸುವುದೂ ಒಂದೇ ಕಿಟಕಿಯಲ್ಲಿ. ಈಗ ಟೈಪಿಂಗ್ ನಡೆಯುತ್ತಿದೆಯೋ ಚಿತ್ರದ ಕೆಲಸ ನಡೆಯುತ್ತಿದೆಯೋ ಎಂಬುದನ್ನು ಹೊರಗಿನ ಸ್ಕ್ರಿಪ್ಟ್ ಸುಲಭವಾಗಿ ಅರಿಯಲಾರದು. ಹಾಗೆ ಮಾಡಿದರೆ ಬ್ರಷ್ ಸರಿಹೋಗುತ್ತದೆ, ಆದರೆ ‘ಪಾಂಡುರಂಗ’ ಎಂದು ಬರೆಯಹೊರಟಾಗ ‘ಡ’ ಇರಬೇಕಾದ ಕಡೆ ಕಂಸ ಬಂದು ಕೂರುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್ ವಿಭಾಗದ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ಒಳಗೆ ‘ಒಂದೊಂದು ಕಿಟಕಿಗೆ ಒಂದೊಂದು ಭಾಷೆ’ ಎಂಬ ಅರ್ಥದ ಆಯ್ಕೆ ಇದೆ. ಅದೂ ಇದೇ ಕಾರಣಕ್ಕೆ ನಿಮಗೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ [ ಕೀಲಿಯನ್ನು ಮುಟ್ಟದೆ, ಟೈಪಿಂಗ್ ಮುಗಿಯುವ ಗಳಿಗೆಯನ್ನು ಹಿಡಿಯಬೇಕು. ಫೋಟೋಶಾಪಿನಲ್ಲಿ ಬರೆದದ್ದನ್ನು ಒಪ್ಪಿಸಿ ಹೊರಬರಲು ಕಂಟ್ರೋಲ್ ಮತ್ತು ಎಂಟರ್ ಒತ್ತುತ್ತೇವೆ, ಇಲ್ಲವೇ ಅಂಕಿಫಲಕದ ಎಂಟರ್ ಒತ್ತುತ್ತೇವೆ. ಫೋಟೋಶಾಪ್ ಮುಂದಿರುವಾಗ ಮಾತ್ರ ಈ ಎರಡು ಒತ್ತುಗಳನ್ನು ಗಮನಿಸುವ ಸ್ಕ್ರಿಪ್ಟ್ ಬರೆಯಿರಿ. ಒತ್ತು ಎಂದಿನಂತೆ ಫೋಟೋಶಾಪಿಗೆ ತಲುಪಲಿ, ಅದರ ಬೆನ್ನಿಗೇ ಸ್ಕ್ರಿಪ್ಟ್ ಆ ಕಿಟಕಿಯ ಕೀಲಿವಿನ್ಯಾಸವನ್ನು ಇಂಗ್ಲಿಷ್‌ಗೆ ತಿರುಗಿಸಲಿ. ಕೀಲಿಯ ಹೆಸರಿನ ಮುಂದೆ ~ ಚಿಹ್ನೆ ಹಾಕಿದರೆ ಆಟೋಹಾಟ್‌ಕೀ ಒತ್ತನ್ನು ನುಂಗದೆ ಮುಂದಕ್ಕೆ ಬಿಡುತ್ತದೆ. ^ ಚಿಹ್ನೆ ಕಂಟ್ರೋಲ್ ಕೀಲಿಯನ್ನು ಸೂಚಿಸುತ್ತದೆ. ಭಾಷೆ ತಿರುಗಿಸಲು ಕಿಟಕಿಗೆ 80 ಎಂಬ ಸಂಖ್ಯೆಯ ವಿಂಡೋಸ್ ಸಂದೇಶವನ್ನು ಪೋಸ್ಟ್ ಮಾಡಬೇಕು. ಅದರ ಮೊದಲ ಮೌಲ್ಯ 0, ಎರಡನೆಯ ಮೌಲ್ಯ 67699721. ಅಮೆರಿಕ ಇಂಗ್ಲಿಷಿನ ಭಾಷಾಸಂಖ್ಯೆಯಾದ 1033 ಅನ್ನು ಮೇಲರ್ಧದಲ್ಲಿಯೂ ಕೆಳಗರ್ಧದಲ್ಲಿಯೂ ಇಟ್ಟಾಗ ಬರುವ ಅಂಕಿಯದು. ನಿಮ್ಮ ಗಣಕದ ಭಾಷಾಪಟ್ಟಿಯಲ್ಲಿ ಅಮೆರಿಕ ಇಂಗ್ಲಿಷ್ ಇರುವುದು ಅಗತ್ಯ. ಭಾರತದ ಇಂಗ್ಲಿಷ್ ಒಂದೇ ಇದ್ದರೆ ಅಮೆರಿಕದ್ದನ್ನೂ ಸೇರಿಸಿಕೊಳ್ಳಿ. ಒತ್ತಿಗೂ ಸಂದೇಶಕ್ಕೂ ನಡುವೆ 100 ಮಿಲಿಸೆಕೆಂಡು ಬಿಡುವು ಕೊಟ್ಟರೆ ಬರಹ ಒಪ್ಪಿತವಾದ ಮೇಲೆಯೇ ಭಾಷೆ ತಿರುಗುತ್ತದೆ.

ಕನ್ನಡಕ್ಕೆ ಹೋಗುವುದನ್ನು ಸ್ವಯಂಚಾಲಿತ ಮಾಡಬೇಡಿ. ಟಿ ಒತ್ತಿದಾಗ ಟೈಪ್ ಟೂಲ್ ಬರುತ್ತದೆಯಾದ್ದರಿಂದ ಆಗಲೇ ಕನ್ನಡಕ್ಕೆ ತಿರುಗಿಸೋಣ ಎನಿಸಬಹುದು. ಆದರೆ ಇಂಗ್ಲಿಷಿನಲ್ಲಿ ಹೆಸರು ಬರೆಯುತ್ತಿರುವಾಗ ಟಿ ಬಂದ ಕೂಡಲೇ ಮುಂದಿನ ಅಕ್ಷರಗಳೆಲ್ಲ ಕನ್ನಡವಾಗುತ್ತವೆ. ಹೋಗುವಾಗ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ನೀವೇ ಹೋಗಿ, ಬರುವಾಗ ಸ್ಕ್ರಿಪ್ಟ್ ಕರೆತರಲಿ.

ಸ್ಕ್ರಿಪ್ಟಿನ ಸಾಲುಗಳನ್ನು ಇಲ್ಲಿ ಅಂಟಿಸದೆ ಕ್ರಮವನ್ನಷ್ಟೇ ಹೇಳಿದ್ದಕ್ಕೆ ಕಾರಣವಿದೆ. ಆಟೋಹಾಟ್‌ಕೀಯ ಎರಡನೆಯ ಆವೃತ್ತಿ 2022ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಅದರ ವ್ಯಾಕರಣ ಮೊದಲನೆಯದಕ್ಕಿಂತ ಬೇರೆ. ಅಂತರಜಾಲದಲ್ಲಿ ಸಿಗುವ ಹಳೆಯ ಉದಾಹರಣೆಗಳಲ್ಲಿ ಬಹಳಷ್ಟು ಮೊದಲನೆಯ ಆವೃತ್ತಿಯವು. ‘ಇಂಥ ಕಿಟಕಿ ಮುಂದಿರುವಾಗ ಮಾತ್ರ’ ಎಂಬ ಷರತ್ತನ್ನು ಬರೆಯುವ ರೀತಿಯೇ ಎರಡರಲ್ಲಿ ಬೇರೆಬೇರೆ. ಎರಡನ್ನೂ ಬೆರೆಸಿ ಬರೆದರೆ ತಪ್ಪು ಎಲ್ಲಿದೆಯೆಂದು ಹುಡುಕುವುದೇ ಕೆಲಸವಾಗುತ್ತದೆ. ಎರಡನೆಯ ಆವೃತ್ತಿಯನ್ನೇ ಹಾಕಿಕೊಂಡು, ಇದೇ ಆವೃತ್ತಿ ಬೇಕೆಂಬ ಘೋಷಣೆಯನ್ನು ಕಡತದ ಮೊದಲ ಸಾಲಿನಲ್ಲಿ ಇಡಿ.

ಮರುಪ್ರಶ್ನೆ (ಆಲ್ಬಮ್ ವಿನ್ಯಾಸಕ, ದಾವಣಗೆರೆ)

ಇಬ್ಬರಿಗೂ ಧನ್ಯವಾದಗಳು. ಎಫ್ ಕೀಲಿಗಳಿಗೆ ಮೂರು ಟೂಲ್ ಪ್ರೀಸೆಟ್‌ಗಳನ್ನು ಕೊಟ್ಟಿದ್ದೇನೆ, ಕನ್ನಡ ಚಾಲೂ ಇದ್ದರೂ ಕೆಲಸ ಮಾಡುತ್ತಿವೆ. ಕಂಟ್ರೋಲ್ ಎಂಟರ್ ಉಪಾಯ ನನ್ನ ಗಣಕದಲ್ಲಿ ಸರಿಯಾಗಿ ನಡೆಯುತ್ತಿದೆ. ಆದರೆ ಪಕ್ಕದ ಮೇಜಿನಲ್ಲಿರುವ ನಮ್ಮ ಹಿರಿಯ ವಿನ್ಯಾಸಕರು ಇನ್‌ಸ್ಕ್ರಿಪ್ಟ್ ಬಳಸುವುದಿಲ್ಲ. ಫ್ಲೆಕ್ಸ್ ಕೆಲಸದ ಹಳೆಯ ರೂಢಿಯಂತೆ ನುಡಿ ತಂತ್ರಾಂಶ ಮತ್ತು ಅದರ ಹಳೆಯ ಫಾಂಟ್‌ಗಳಲ್ಲಿಯೇ ಟೈಪಿಸುತ್ತಾರೆ. ಅವರ ಗಣಕದಲ್ಲಿ ಇದೇ ಸ್ಕ್ರಿಪ್ಟ್ ಹಾಕಿದರೆ ಏನೂ ಆಗುತ್ತಿಲ್ಲ. ಜೊತೆಗೆ ಇನ್ನೊಂದು ವಿಚಾರ: ಸ್ಟುಡಿಯೋದಲ್ಲಿ ಒಂದು ಗಣಕಕ್ಕೆ ಉಚಿತ ತಂತ್ರಾಂಶ ಹಾಕಿಸುವ ಮಾತು ನಡೆದಿದೆ. ಅಲ್ಲಿಯೂ ಈ ಬಗೆಯ ಕೀಲಿಗಳನ್ನು ಮಾಡಿಕೊಳ್ಳಬಹುದೇ?

ಉತ್ತರ 3 (ಶಾಸನ ನಕಲುಗಾರ, ಚಿತ್ರದುರ್ಗ)

ಉಚಿತ ತಂತ್ರಾಂಶದ ಬಗ್ಗೆ ನಾನು ಹೇಳಬಲ್ಲೆ. ದುರ್ಗದ ಸುತ್ತಲಿನ ವೀರಗಲ್ಲು ಮತ್ತು ಬಂಡೆಶಾಸನಗಳ ಪಡಿಯಚ್ಚುಗಳನ್ನು (ಕಾಗದಕ್ಕೆ ಇಳಿಸಿಕೊಂಡ ಅಚ್ಚುಗಳನ್ನು) ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಬೇರೊಂದು ಲೇಯರಿನಲ್ಲಿ ತಿದ್ದಿ ಬರೆಯುವುದು ನನ್ನ ಹವ್ಯಾಸ. ಮಸಿ ಪಡಿಯಚ್ಚಿನಲ್ಲಿ ಕಲ್ಲಿನ ಮೈ ಕಪ್ಪಾಗಿ, ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಸವೆದ ಕಡೆ ಅಕ್ಷರವೋ ಕಲ್ಲಿನ ಬಿರುಕೋ ಎಂದು ತೀರ್ಮಾನಿಸಿ ಗೆರೆ ಎಳೆಯಬೇಕು. ನಿಮ್ಮ ಚರ್ಮದ ಕೆಲಸಕ್ಕೆ ಮೃದುವಾದ ಅಂಚು ಬೇಕು, ನನಗೆ ಅದು ಬೇಡವೇ ಬೇಡ: ಗಟ್ಟಿ ಅಂಚು, ಒಪಾಸಿಟಿ 100, ಒತ್ತಡ ಬಂದ್. ಗೆರೆ ಅರೆಪಾರದರ್ಶಕವಾದರೆ ಓದುವವರಿಗೆ ನಾನು ಖಚಿತವಾಗಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಗೊಂದಲವಾಗುತ್ತದೆ. ಊಹೆಯ ಗೆರೆಗೆ ಬೇರೆ ಬಣ್ಣದ, ಬೇರೆ ಲೇಯರಿನ ಬ್ರಷ್ ಇಟ್ಟುಕೊಂಡಿದ್ದೇನೆ.

ನಾನು ಬಳಸುವುದು ಕ್ರಿಟಾ ಎಂಬ ಉಚಿತ ತಂತ್ರಾಂಶ. ಇದರಲ್ಲಿ ‘ಟೆನ್ ಬ್ರಷಸ್’ ಎಂಬ ಜೋಡಣೆ ಮೊದಲೇ ಇರುತ್ತದೆ; ಹತ್ತು ಬ್ರಷ್ ಪ್ರೀಸೆಟ್‌ಗಳಿಗೆ ಹತ್ತು ಕೀಲಿ ಕೊಡಲು ಒಂದು ಸಾಲೂ ಬರೆಯಬೇಕಾಗಿಲ್ಲ. ಇದರ ಜೊತೆಗಾರ ‘ಟೆನ್ ಸ್ಕ್ರಿಪ್ಟ್ಸ್’, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹತ್ತು ಕಡತಗಳನ್ನು ಕಂಟ್ರೋಲ್, ಶಿಫ್ಟ್ ಮತ್ತು ಅಂಕಿ ಕೀಲಿಗಳಿಗೆ ಜೋಡಿಸುತ್ತದೆ. ಎರಡನ್ನೂ ಕಾನ್ಫಿಗರ್ ಕ್ರಿಟಾ ಕಿಟಕಿಯ ಪೈಥಾನ್ ಪ್ಲಗಿನ್ ಮ್ಯಾನೇಜರಿನಲ್ಲಿ ಚಾಲೂ ಮಾಡಿಕೊಳ್ಳಿ. ಫೋಟೋಶಾಪಿನಂತೆ ಸುತ್ತುಬಳಸು ದಾರಿ ಇಲ್ಲಿಲ್ಲ: ಪೈಥಾನಿನಲ್ಲಿ ಈಗ ತೆರೆದಿರುವ ನೋಟವನ್ನು ಹಿಡಿದು, ಅದರ ಬ್ರಷ್ ಗಾತ್ರ ಇಷ್ಟಿರಲಿ, ಒಪಾಸಿಟಿ ಇಷ್ಟಿರಲಿ ಎಂದು ನೇರವಾಗಿಯೇ ಹೇಳಬಹುದು. ಶಿಫ್ಟ್ ಹಿಡಿದು ಎಳೆದರೆ ಗಾತ್ರ ಬದಲಾಗುತ್ತದೆ; / ಒತ್ತಿದರೆ ಹಿಂದಿನ ಬ್ರಷ್‌ಗೆ ಮರಳುತ್ತದೆ. ಈ ಕೊನೆಯ ಕೀಲಿಯೊಂದಕ್ಕಾಗಿಯೇ ನಾನು ಕ್ರಿಟಾ ಬಿಟ್ಟು ಬೇರೆಡೆ ಹೋಗಲಾರೆ.

ಗಿಂಪ್ ಎಂಬ ಇನ್ನೊಂದು ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿಯೂ ಸಾಧ್ಯವಿದೆ. ಪ್ರಿಫರೆನ್ಸಸ್‌ನ ಇನ್‌ಪುಟ್ ಕಂಟ್ರೋಲರ್ಸ್ ವಿಭಾಗದಲ್ಲಿ ಮೌಸಿನ ಚಕ್ರಕ್ಕೆ ಬ್ರಷ್ ಗಾತ್ರವನ್ನು ಜೋಡಿಸಬಹುದು. ಸ್ಕ್ರಿಪ್ಟ್ ಬರೆದು ಮೆನುವಿಗೆ ಸೇರಿಸಿದರೆ ಅದಕ್ಕೂ ಕೀಲಿ ಕೊಡಬಹುದು. ಆದರೆ ಗಿಂಪ್ 2.10ಕ್ಕೆ ಬರೆದ ಪೈಥಾನ್ ಕಡತಗಳು 2025ರಲ್ಲಿ ಬಂದ 3.0ರಲ್ಲಿ ಹಾಗೆಯೇ ಓಡುವುದಿಲ್ಲ, ತಿದ್ದಬೇಕು. ಆಲ್ಬಮ್ ಮಾಡುವವರಿಗೆ ಗಿಂಪ್ ಹತ್ತಿರವಾದೀತು. ಕ್ರಿಟಾ ಮೂಲತಃ ಚಿತ್ರ ಬರೆಯುವವರಿಗಾಗಿ ಇರುವಂಥದ್ದು.

ಉತ್ತರ 4 (ಗಣಕ ತರಬೇತುದಾರ, ಚಿತ್ರದುರ್ಗ)

ನುಡಿಯ ವಿಷಯಕ್ಕೆ ಬರುತ್ತೇನೆ. ನುಡಿ ವಿಂಡೋಸಿನ ಕೀಲಿವಿನ್ಯಾಸವಲ್ಲ. ವಿಂಡೋಸಿನ ಮಟ್ಟಿಗೆ ವಿನ್ಯಾಸ ಇಂಗ್ಲಿಷ್ ಆಗಿಯೇ ಇರುತ್ತದೆ. ನುಡಿ ನಡುವೆ ನಿಂತು ನಿಮ್ಮ ಒತ್ತುಗಳನ್ನು ಹಿಡಿದು ಬದಲಿಸಿ ಕಳುಹಿಸುತ್ತದೆ. ಆದ್ದರಿಂದಲೇ ಇಂಗ್ಲಿಷ್‌ಗೆ ತಿರುಗು ಎಂಬ ಸಂದೇಶ ಹೋದರೂ ತಿರುಗಲು ಏನೂ ಇರುವುದಿಲ್ಲ. ಆಟೋಹಾಟ್‌ಕೀಯೂ ಹೀಗೆಯೇ ನಡುವೆ ನಿಲ್ಲುವ ತಂತ್ರಾಂಶ. ಇಂಥ ಎರಡು ತಂತ್ರಾಂಶಗಳು ಒಟ್ಟಿಗಿದ್ದರೆ, ಕೊನೆಯಲ್ಲಿ ಬಂದು ನಿಂತದ್ದಕ್ಕೆ ವಿಂಡೋಸ್ ಒತ್ತನ್ನು ಮೊದಲು ತೋರಿಸುತ್ತದೆ. ಹಾಗಾಗಿ ಯಾವುದನ್ನು ಮೊದಲು ತೆರೆದಿರಿ ಎಂಬುದರ ಮೇಲೆ ಫಲಿತಾಂಶ ಬದಲಾಗಬಹುದು. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಕೆಟ್ಟಿತು ಎನ್ನುವ ದೂರುಗಳು ಇಲ್ಲಿ ಹುಟ್ಟುತ್ತವೆ.

ನಿಮ್ಮ ಹಿರಿಯರಿಗೆ ಸ್ಕ್ರಿಪ್ಟ್ ಬೇಡ. ಹೆಸರುಗಳನ್ನು ನುಡಿಯ ಸ್ವಂತ ಸಂಪಾದಕದಲ್ಲಿ ಟೈಪಿಸಿ, ನಕಲಿಸಿ ತಂದು ಅದೇ ಫಾಂಟಿನಲ್ಲಿ ಫೋಟೋಶಾಪಿನೊಳಗೆ ಅಂಟಿಸಲಿ. ಫೋಟೋಶಾಪಿಗೆ ಬರುವಾಗ ನುಡಿ ಇಂಗ್ಲಿಷ್ ಸ್ಥಿತಿಯಲ್ಲಿರಲಿ. ಬ್ರಷ್‌ಗಳಿಗೆ ನಿಮ್ಮ ಹಾಗೆಯೇ ಎಫ್ ಕೀಲಿಯ ಆಕ್ಷನ್‌ಗಳು ಸಾಕು. ಆಕ್ಷನ್ ಕಡತ ಮತ್ತು ಟೂಲ್ ಪ್ರೀಸೆಟ್ ಕಡತ ಎರಡನ್ನೂ ನಿಮ್ಮ ಗಣಕದಿಂದ ಉಳಿಸಿ ಅವರದಕ್ಕೆ ಲೋಡ್ ಮಾಡಿ. ಒಂದನ್ನೇ ಒಯ್ದರೆ ಆಕ್ಷನ್ ಪ್ರೀಸೆಟ್ಟನ್ನು ಹುಡುಕಿ ಸಿಗದೆ ನಿಲ್ಲುತ್ತದೆ.

ನಿಮ್ಮ ಗಣಕದ ಬಗ್ಗೆಯೂ ಒಂದು ಮಾತು. ಮುಂದೆಂದಾದರೂ ಆ ಸ್ಕ್ರಿಪ್ಟ್ ಬೇರೆಲ್ಲ ಕಡೆ ಕೆಲಸ ಮಾಡಿ ಫೋಟೋಶಾಪಿನಲ್ಲಿ ಮಾತ್ರ ಸುಮ್ಮನಾದರೆ, ಯಾರೋ ಫೋಟೋಶಾಪನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದಾರೆಯೇ ನೋಡಿ. ಹಾಗೆ ತೆರೆದ ತಂತ್ರಾಂಶಕ್ಕೆ ಸಾಧಾರಣ ಹಕ್ಕಿನಲ್ಲಿ ಓಡುವ ಸ್ಕ್ರಿಪ್ಟಿನಿಂದ ಕೀಲಿಯನ್ನಾಗಲಿ ಸಂದೇಶವನ್ನಾಗಲಿ ಕಳುಹಿಸಲು ವಿಂಡೋಸ್ ಬಿಡುವುದಿಲ್ಲ. ಫೋಟೋಶಾಪನ್ನು ಮುಚ್ಚಿ ಮಾಮೂಲಿಯಾಗಿ ತೆರೆಯಿರಿ. ಸ್ಕ್ರಿಪ್ಟಿಗೆ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡುವ ದಾರಿಯೂ ಉಂಟು, ಆದರೆ ಇಡೀ ಸ್ಟುಡಿಯೋ ಬಳಸುವ ಗಣಕದಲ್ಲಿ ಅದನ್ನು ನಾನು ಮಾಡಿಸುವುದಿಲ್ಲ.